ಮಲಗಿ ಬಾಣ ಬಿಟ್ಟ ಬಿಲ್ಲುಗಾರರ ಕೋಟೆ

ಸ್ಮಾರಕಗಳ ಸಂರಕ್ಷಣಾಧಿಕಾರಿಗಳಾದ ಮಾನ್ಯರೇ,

ಬೆಟ್ಟದ ಮೇಲಿನ ಕೋಟೆಯ ಗೋಡೆ ಹೊಟ್ಟೆ ಬಿಟ್ಟು ನಿಂತಿದೆ. ಬಿದ್ದರೆ ಅದು ಬೀಳುವುದು ನನ್ನ ಅಕ್ಕನ ಮನೆಯ ಮೇಲೆ. ಒಳಗಿನ ಮಳೆನೀರು ಹೊರಗೆ ಹೋಗಲೆಂದು ಗೋಡೆಯಲ್ಲಿದ್ದ ತೂತುಗಳಿಗೆ ಸಿಮೆಂಟು ತುರುಕಿಸಿದವರು ನೀವು. ಈಗ, ‘ನಿಮ್ಮ ಬಚ್ಚಲ ನೀರಿನಿಂದ ಸ್ಮಾರಕಕ್ಕೆ ಧಕ್ಕೆಯಾಗಿದೆ, ಮನೆ ತೆರವು ಮಾಡಿ’ ಎಂದು ಅಕ್ಕನ ಬಾಗಿಲಿಗೆ ನೋಟಿಸು ಅಂಟಿಸಿದವರೂ ನೀವೇ. ಬಚ್ಚಲ ನೀರು ಗುಡ್ಡ ಹತ್ತಿ ಕೋಟೆಗೋಡೆಯೊಳಗೆ ಹೊಕ್ಕಿದ್ದನ್ನು ನಾನಂತೂ ಕಂಡಿಲ್ಲ. ನಿಮ್ಮ ಇಲಾಖೆಯಲ್ಲಿ ನೀರು ಮೇಲಕ್ಕೆ ಹರಿಯುವ ಪದ್ಧತಿ ಇದೆಯೋ ಏನೋ. ನೋಟಿಸು ಓದಿ ನನಗೆ ಸಿಟ್ಟು ಬರಲಿಲ್ಲ. ಹೇಸಿಗೆಯಾಯಿತು.

ನಾನು ನಿಮ್ಮದೇ ಪರವಾನಗಿ ಪಡೆದು ಪ್ರವಾಸಿಗರಿಗೆ ಕೋಟೆ ತೋರಿಸುವವನು. ಸುಲ್ತಾನ ಬೆಟ್ಟದ ನೆತ್ತಿಯನ್ನು ಸಮ ಮಾಡಿಸಿದ್ದು, ಸುತ್ತ ಕಂದಕ ತೋಡಿಸಿದ್ದು, ಆನೆಯೂ ಓಡಿ ಬಂದು ಗುದ್ದಲಾಗದಂತೆ ಹೆಬ್ಬಾಗಿಲ ದಾರಿಯನ್ನು ಮತ್ತೆ ಮತ್ತೆ ತಿರುಗಿಸಿದ್ದು, ಇದನ್ನೆಲ್ಲ ಹೇಳಿ ಹೇಳಿ ಗಂಟಲು ಸವೆಸಿದ್ದೇನೆ. ಮಸೀದಿಯ ಗುಮ್ಮಟದ ಮೇಲೆ, ಸ್ನಾನಗೃಹದ ಮಾಡಿನ ಮೇಲೆ ಬಿದ್ದ ಮಳೆಯೆಲ್ಲ ಕಲ್ಲಿನ ಕಾಲುವೆಯಲ್ಲಿ ಹರಿದು ನೆಲದಡಿಯ ತೊಟ್ಟಿ ಸೇರುತ್ತದೆ. ಮಣ್ಣಿಗೆ ಇಂಗಿದ್ದು ಗೋಡೆಯ ಬುಡದ ತೂತುಗಳಿಂದ ಹೊರಗೆ ಹೋಗುತ್ತಿತ್ತು. ಆ ಕಾಲದವರು ಶತ್ರುವಿಗೆ ಹೆದರಿದಷ್ಟೇ ನೀರಿಗೂ ಹೆದರಿದ್ದರು.

ಹೆದರಿಕೆಗೆ ಕಾರಣವೂ ಇತ್ತು. ಒಳಬಾಗಿಲ ಕಮಾನಿನ ಮೇಲೆ ಅರಬ್ಬಿ ಅಕ್ಷರದ ಶಾಸನವಿದೆ. ಅರ್ಧದಷ್ಟು ಸುಲ್ತಾನನ ಹೊಗಳಿಕೆಯೇ. ಅದು ಇದ್ದದ್ದೇ ಬಿಡಿ. ಉಳಿದರ್ಧ ಹೀಗಿದೆ: ‘ನಾನು ಕಟ್ಟಿಸಿದ ಮೊದಲ ಗೋಡೆ ಮಳೆಗೆ ಕುಸಿಯಿತು. ಕೆಳಗಿದ್ದ ಜನ ಸತ್ತರು. ನೀರಿಗೆ ದಾರಿ ಬಿಡದೆ ಕಟ್ಟಿಸಿದ್ದು ನನ್ನ ತಪ್ಪು. ಈಗ ದಾರಿ ಬಿಟ್ಟಿದ್ದೇನೆ. ದೇವರು ಕ್ಷಮಿಸಲಿ.’ ಇದರ ಅನುವಾದ ಮಾಡಿಸಿ, ಹಿತ್ತಾಳೆ ಫಲಕದಲ್ಲಿ ಕೊರೆಸಿ, ಟಿಕೆಟು ಕಿಟಕಿಯ ಪಕ್ಕ ಹಾಕಿಸಿದ್ದು ಬೇರೆ ಯಾರೂ ಅಲ್ಲ, ನಿಮ್ಮ ಕಚೇರಿ. ಫಲಕಕ್ಕೆ ದಿನಾ ಪಾಲಿಶ್ ಹಚ್ಚಿಸುತ್ತೀರಿ. ಒಮ್ಮೆ ಓದಲು ನಿಮಗೇನು ಕಷ್ಟವಾಗಿತ್ತು?

ಹೋದ ವರ್ಷ ಪ್ರಶಸ್ತಿ ಸಮಿತಿಯವರು ಬರುತ್ತಾರೆಂದು ನಿಮಗೆ ಗೋಡೆಯ ಅಂದ ನೆನಪಾಯಿತು. ತೂತುಗಳ ಕೆಳಗೆ ಪಾಚಿ, ಒಳಗೆ ಪಾರಿವಾಳ; ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಸಿಮೆಂಟು ಮೆತ್ತಿಸಿ ಕಲ್ಲಿನ ಬಣ್ಣ ಬಳಿಸಿದಿರಿ. ಹೆಬ್ಬಾಗಿಲ ಹತ್ತಿರದ ಕೆಲವನ್ನು ಮಾತ್ರ ಒಂದು ಗೇಣು ಆಳ ಉಳಿಸಿ, ದೀಪ ಇಟ್ಟು, ‘ಬಿಲ್ಲುಗಾರರ ಕಿಂಡಿಗಳು’ ಎಂದು ಬೋರ್ಡು ಹಾಕಿಸಿದಿರಿ. ಅವು ಇರುವುದು ಪಾದದ ಮಟ್ಟದಲ್ಲಿ. ಮೊನ್ನೆ ಒಬ್ಬ ಅಜ್ಜಿ ಬಗ್ಗಿ ನೋಡಿ ಕೇಳಿದರು, “ಏನಪ್ಪಾ, ಆಗಿನ ಸೈನಿಕರು ಮಲಕ್ಕೊಂಡು ಬಾಣ ಬಿಡ್ತಿದ್ರಾ?” ನಿಮ್ಮ ಬೋರ್ಡಿನ ಮಾನ ಉಳಿಸಲು ನಾನು ಹೌದೆಂದೆ. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಂದೆ ಹೋದರು.

ಇನ್ನು ನನ್ನ ಅಕ್ಕ. ಅವಳು ಹಾಸಿಗೆ ದಿಂಬು ಹೊಲಿಯುವವಳು. ಮಳೆಗಾಲ ಬಂತೆಂದರೆ ಗೋಡೆಯ ತೂತುಗಳಿಂದ ನೀರು ಧುಮುಕಿ ಹಿತ್ತಿಲಲ್ಲಿ ಹರವಿದ ಹತ್ತಿಯೆಲ್ಲ ತೊಪ್ಪೆಯಾಗುತ್ತಿತ್ತು. ಸುಲ್ತಾನನ ವಂಶಕ್ಕೆಲ್ಲ ಶಾಪ ಹಾಕುತ್ತಿದ್ದಳು. ನಿಮ್ಮ ಕೆಲಸಗಾರರು ತೂತು ಮುಚ್ಚಲು ಬಂದಾಗ ಇಡೀ ಓಣಿಯಲ್ಲಿ ಅವಳಷ್ಟು ಖುಷಿಪಟ್ಟವರಿಲ್ಲ. ಎರಡೆರಡು ಸಲ ಚಹಾ ಮಾಡಿ ಕೊಟ್ಟಳು. “ಸರ್ಕಾರದೋರು ಇಷ್ಟು ದಿನಕ್ಕೆ ಒಂದು ಒಳ್ಳೆ ಕೆಲಸ ಮಾಡಿದ್ರು ಕಣೋ” ಎಂದಳು. ನಿಮ್ಮ ಕಚೇರಿಗೆ ಸಿಕ್ಕಿದ ಒಂದೇ ಒಂದು ಹಾರೈಕೆ ಅದು.

ಆ ಮಳೆಗಾಲ ಹತ್ತಿ ನೆನೆಯಲಿಲ್ಲ. ಮಳೆ ನಿಂತ ಮೇಲೆ ಹಿತ್ತಿಲ ಬಾಗಿಲು ಕಚ್ಚಿಕೊಂಡಿತು. ಬಡಗಿ ಬಂದು ಕೆಳಗೆ ಉಜ್ಜಿಕೊಟ್ಟ. ತಿಂಗಳೊಳಗೆ ಮತ್ತೆ ಕಚ್ಚಿಕೊಂಡಿತು. ಅವನು ಬಾಗಿಲು ಬಿಟ್ಟು ಮೇಲಿನ ಕೋಟೆಗೋಡೆಯನ್ನೇ ದಿಟ್ಟಿಸಿ, “ಅಕ್ಕಾ, ಬಾಗಿಲು ಸರಿಯಾಗೇ ಇದೆ. ಗೋಡೆ ನಿಮ್ಮನೆ ಕಡೆ ಬರ್ತಾ ಇದೆ” ಎಂದ.

ನಾನು ನಿಮ್ಮ ಕೋಣೆಗೆ ಬಂದೆ. ಗೋಡೆಗೆ ತಗುಲಿಸಿದ ಪ್ರಶಸ್ತಿಯ ಫೋಟೋದ ಕೆಳಗೆ ಕೂತು ನೀವು ಅಂದದ್ದು ನಿಮಗೆ ನೆನಪಿರಬಹುದು: “ನೋಡ್ರೀ, ಏಳುನೂರು ವರ್ಷ ನಿಂತಿರೋ ಗೋಡೆ. ಈಗ ಬೀಳುತ್ತಾ?” ನಿಂತದ್ದು ಏಕೆಂದು ಕೇಳಿದೆ. ನೀವು ಗಂಟೆ ಒತ್ತಿ ಜವಾನನನ್ನು ಕರೆದಿರಿ. ಮರುವಾರ ಅಕ್ಕನ ಬಾಗಿಲಿಗೆ ನೋಟಿಸು ಬಂತು. ತಲೆ ತೆಗೆಸುವ ಅಧಿಕಾರವಿದ್ದ ಸುಲ್ತಾನ ತನ್ನ ತಪ್ಪನ್ನು ಕಲ್ಲಿನಲ್ಲಿ ಕೊರೆಸಿ ಎಲ್ಲರ ತಲೆಯ ಮೇಲೆ ನಿಲ್ಲಿಸಿದ. ನೀವು ನಿಮ್ಮದನ್ನು ಒಬ್ಬ ಹಾಸಿಗೆ ಹೊಲಿಯುವವಳ ಬಚ್ಚಲಿಗೆ ಸುರಿದು ಕೈತೊಳೆದುಕೊಂಡಿರಿ. ಇಷ್ಟು ಕೀಳು ಕೆಲಸಕ್ಕೆ ಸರ್ಕಾರದ ಮೊಹರು ಬೇರೆ.

ಬೇಡಿಕೆ ಸಣ್ಣದು. ಮಳೆ ಶುರುವಾಗುವ ಮೊದಲು ಆ ಸಿಮೆಂಟನ್ನು ಕೆತ್ತಿ ತೆಗೆಸಿ. ನೋಟಿಸು ವಾಪಸು ಪಡೆಯಿರಿ. ಅಕ್ಕ ಈಗ ಹಿಂದಿನ ಕೋಣೆ ಖಾಲಿ ಮಾಡಿ ಬೀದಿಕಡೆಯ ಅಂಗಡಿಯಲ್ಲಿ ಮೂಟೆಗಳ ನಡುವೆ ಮಲಗುತ್ತಿದ್ದಾಳೆ. ಈ ಪತ್ರ ಓದಿ ಹೇಳಿದಾಗ ಅವಳು ಅಂದದ್ದು ಇಷ್ಟೇ: “ಹತ್ತಿ ನೆನೆದ್ರೆ ಒಣಗಿಸ್ಕೋತೀನಿ. ತೂತು ತೆಗೀರಿ ಅಂತ ಬರಿ.” ಬರೆದಿದ್ದೇನೆ.

ಶಾಸನದ ಕೆಳಗೆ ಇನ್ನೂ ಒಂದು ಸಾಲಿಗೆ ಜಾಗವಿದೆ. ಸುಲ್ತಾನ ಜನ ಸತ್ತ ಮೇಲೆ ಬರೆಸಿದ. ನೀವು ಅವರು ಬದುಕಿರುವಾಗಲೇ ಬರೆಸಬಹುದು.

ಇಂತಿ,
ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವವರೆಗೆ ನಿಮ್ಮ ಪರವಾನಗಿಯ ಮಾರ್ಗದರ್ಶಿ,
ಆಮೇಲೆ ಬರೀ ಗೋಡೆಯ ಕೆಳಗಿರುವವಳ ತಮ್ಮ