ನಂಗು ಮೀನಿನ ಎಡೆ

ತಿ. ನರಸೀಪುರ
ಸೋಮವಾರ, 15-9-2025

ಪ್ರೀತಿಯ ದೇವೀರಕ್ಕನಿಗೆ, ನಿನ್ನ ಓರಗಿತ್ತಿ ಚಿಕ್ಕತಾಯಿ ಮಾಡುವ ನಮಸ್ಕಾರ.

ಇವತ್ತು ನಂಜುಂಡಪ್ಪನ ಒಪ್ಪತ್ತು. ಹಾಲು ಕರೆದು ಡೈರಿಗೆ ಹಾಕಿ, ಕೊಟ್ಟಿಗೆ ಬಾಚಿ, ಮಿಂದು ದೀಪ ಹಚ್ಚಿ ಕೂತಿದ್ದೀನಿ. ಇಂಥ ದಿನ ಮೀನಿನ ಮಾತು ಬರೀಬಾರದು, ನಿಜ. ನಾಳೆಗೆ ಇಟ್ಟರೆ ಧೈರ್ಯ ಹೋಗ್ತದೆ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕ್ತೀಯ, ಭಾವನೋರು ಮಧ್ಯೆ ಬಾಯಿ ಹಾಕ್ತಾರೆ. ಅದಕ್ಕೇ ಕಾಗದ.

ಭಾನುವಾರ ಮಾರ್ಲಾಮಿ ಅಮಾವಾಸ್ಯೆ. ನಮ್ಮೋರು ತೀರಿಕೊಂಡ ಮೇಲೆ ಅವರಿಗೆ ಇದು ಮೊದಲನೇ ಎಡೆ. ಹಿರಿಯರ ಎಡೆಯೆಲ್ಲ ದೊಡ್ಡೋರಾದ ನಿಮ್ಮ ಮನೇಲೇ ಇಡೋದು ಪದ್ಧತಿ, ಒಪ್ತೀನಿ. ಸತ್ತೋರು ಆಸೆಪಟ್ಟು ತಿಂದಿದ್ದನ್ನ ಇಡೋದೂ ಪದ್ಧತಿಯೇ ಅಲ್ವಾ ಅಕ್ಕ? ನಮ್ಮೋರಿಗೆ ನಂಗು ಅನ್ನೋ ಕಡಲ ಮೀನು ಇಡಬೇಕು ಅಂತ ಮಗಳು ಸಿಂಧು ಕೈಲಿ ಹೇಳಿ ಕಳಿಸಿದರೆ ಭಾವನೋರು, ಎರಡು ಕಣ್ಣೂ ಒಂದೇ ಮಗ್ಗುಲಲ್ಲಿರೋ ಸೊಟ್ಟ ಮೀನು ನಮ್ಮಪ್ಪನ ಎಡೆ ಪಕ್ಕ ಇಡೋಕಾಯ್ತದಾ, ಬೇಕಿದ್ರೆ ನಿಮ್ಮವ್ವ ಮಂಗಳೂರಿಗೆ ಹೋಗಿ ಕಡಲ ದಂಡೇಲಿ ಇಟ್ಕೊಳ್ಳಲಿ ಅಂದರಂತೆ. ಮಗು ಬಂದು ಅತ್ತಳು.

ಗಂಟಲ ಆಪರೇಷನ್ ಆದಮೇಲೆ ನಮ್ಮೋರಿಗೆ ಖಾರ ಸೇರ್ತಿರಲಿಲ್ಲ, ಮುದ್ದೆ ಇಳೀತಿರಲಿಲ್ಲ. ಸಿಂಧು ಮೈಸೂರಿಂದ ಈ ಮೀನು ತಂದಳು, ಅಂಗೈ ಹಾಗೆ ಚಪ್ಪಟೆ. ನಾನು ಹೊಳೆ ಮೀನಿಗೆ ಮಾಡೋ ಹಾಗೆ ಹುಣಸೆಹುಳಿ ಹಿಂಡಿ ಕುದಿಸಿದೆ. ಎಲ್ಲ ಕರಗಿ ಮುಳ್ಳೊಂದೇ ಉಳೀತು. ಏನೇ, ಮೀನಿಗೂ ಮುಕ್ತಿ ಕೊಟ್ಟುಬಿಟ್ಯಾ ಅಂತ ಅವರು ಒಡೆದ ದನೀಲೇ ನಕ್ಕರು. ಆಮೇಲೆ ಕಲಿತೆ. ಮೇಲಿನ ಚರ್ಮ ಸುಲಿದು, ಉಪ್ಪು, ಅರಿಶಿನ, ಒಂದು ಚಿಟಿಕೆ ಕಾಳುಮೆಣಸು ಸವರಿ, ಹೆಂಚಿನ ಮೇಲೆ ಒಂದೇ ಸಲ ಮಗುಚಬೇಕು. ನಡುವಿನ ಮುಳ್ಳು ಬಾಚಣಿಗೆ ಹಾಗೆ ಇಡಿಯಾಗಿ ಎದ್ದು ಬರ್ತದೆ. ಬೆಳ್ಳಗೆ, ಮೆತ್ತಗೆ, ವಾಸನೆಯೇ ಇಲ್ಲ. ಮೆದು ಅನ್ನದ ಜೊತೆ ತಿಂದು, ಇನ್ನೊಂದು ಹಾಕು ಅಂದರು. ಎಷ್ಟೋ ತಿಂಗಳ ಮೇಲೆ ಆ ಮಾತು ಕೇಳಿದ್ದೆ ಅಕ್ಕ.

ಆ ಕಣ್ಣು ಅಲ್ಲಿ ಇಟ್ಟೋನು ಶಿವ. ಅವನು ಮಾಡಿದ್ದನ್ನ ಸೊಟ್ಟ ಅನ್ನೋಕೆ ನಾವ್ಯಾರು? ನಂಗು ಮೀನು ಬೇಡ ಅಂದ್ರೆ ನಾನು ನಂಜನಗೂಡಿಗೆ ಬರಲ್ಲ. ಇಲ್ಲೇ ಎಲೆ ಹಾಕಿ ಎಡೆ ಇಡ್ತೀನಿ. ಮುನಿಸಲ್ಲ, ಆದರೆ ಈ ಮಾತಿಂದ ಹಿಂದೆ ಸರಿಯಲ್ಲ.

ಇಂತಿ ನಿನ್ನ
ಚಿಕ್ಕತಾಯಿ

ಮತ್ತೆ: ಭಾವನೋರು ತಮ್ಮನನ್ನ ನೋಡೋಕೆ ಬಂದು ನಮ್ಮಲ್ಲಿ ಉಂಡ್ರಲ್ಲ, ಅವತ್ತು ಬಡಿಸಿದ್ದೂ ಇದೇ ಮೀನು. ಎರಡು ಸಲ ಹಾಕಿಸ್ಕೊಂಡ್ರು, ಯಾವ ಮೀನು ಅಂತ ಕೇಳಲಿಲ್ಲ. ಓದಿ ಹೇಳ್ತೀಯೋ ಬಿಡ್ತೀಯೋ ನಿನ್ನಿಷ್ಟ. ಬುಧವಾರ ಫ್ಯಾಕ್ಟರಿ ಕೆಲಸ ಮುಗಿಸಿಕೊಂಡು ಸಿಂಧು ಬರ್ತಾಳೆ, ಉತ್ತರ ಅವಳ ಕೈಲಿ ಕೊಟ್ಟು ಕಳಿಸು.