ನನ್ನ ಸಹಿ, ಅವಳ ಹೊಟ್ಟೆ

ಹೊಸ ರಾಜ್ಯದ ವೈದ್ಯಕೀಯ ಇಲಾಖೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಈಗ ನಿಮ್ಮ ಕೈಕೆಳಗೆ ಬಂದಿರುವ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಳೆದ ವರ್ಷ ನನ್ನ ಹೆಂಡತಿಯ ಹೊಟ್ಟೆಯನ್ನು ಅವಳನ್ನು ಕೇಳದೆ ಕೊಯ್ಯಲಾಯಿತು. ಕೊಯ್ದವರು ನಿಮ್ಮ ವೈದ್ಯರು. ಕೊಯ್ಯಿರಿ ಎಂದು ಸಹಿ ಹಾಕಿದವನು ನಾನು. ಹೀಗಾಗಿ ನನ್ನ ದೂರು ನಿಮ್ಮ ಮೇಲೂ ಇದೆ, ನನ್ನ ಮೇಲೂ ಇದೆ. ನನ್ನ ಮೇಲಿನ ದೂರನ್ನು ಯಾವ ಕಚೇರಿಗೆ ಕೊಡಬೇಕೆಂದು ಇಪ್ಪತ್ತು ವರ್ಷ ಅರ್ಜಿ ಬರೆದರೂ ನನಗೆ ತಿಳಿದಿಲ್ಲ. ಆದ್ದರಿಂದ ಎರಡನ್ನೂ ನಿಮ್ಮ ಮೇಜಿನ ಮೇಲೆಯೇ ಇಡುತ್ತಿದ್ದೇನೆ.

ಪತ್ರಿಕೆಯಲ್ಲಿ ಯಾಕೆ, ಖಾಸಗಿಯಾಗಿ ಬರೆಯಬಾರದಿತ್ತೇ ಎಂದು ನೀವು ಕೇಳಬಹುದು. ಬರೆದಿದ್ದೆ, ಮೂರು ಸಲ. ಮೊದಲನೆಯದಕ್ಕೆ ಮುಂಬಯಿಯಿಂದ ಇಂಗ್ಲಿಷಿನಲ್ಲಿ ಒಂದೂವರೆ ಸಾಲಿನ ಉತ್ತರ ಬಂತು: ಒಪ್ಪಿಗೆಯನ್ನು ವಿಧಿವತ್ತಾಗಿ ಪಡೆಯಲಾಗಿದೆ. ಎರಡನೆಯದಕ್ಕೆ ಬಂದ ಉತ್ತರ, ರಾಜ್ಯಗಳು ಮರುವಿಂಗಡಣೆಯಾಗುತ್ತಿರುವುದರಿಂದ ಕಾಗದಪತ್ರಗಳು ದಾರಿಯಲ್ಲಿವೆ ಎಂದು. ಮೂರನೆಯದನ್ನು ನಿಮಗೇ ಬರೆದೆ. ಇದು ಹಿಂದಿನ ರಾಜ್ಯದ ಕಾಲದ ಸಂಗತಿ, ಕಡತ ನಮ್ಮಲ್ಲಿಲ್ಲ ಎಂದಿರಿ. ನವೆಂಬರ್ ಒಂದನೆಯ ತಾರೀಖು ನಾನೂ ಗದಗಿನ ಬೀದಿಯಲ್ಲಿ ಗಂಟಲು ಹರಿಯುವಂತೆ ಜಯಕಾರ ಹಾಕಿದವನು, ಮಾನ್ಯರೇ. ಹರಿದು ಹಂಚಿದ್ದ ನಾಡು ಒಂದಾಯಿತು. ನನ್ನ ಹೆಂಡತಿಯ ಕಡತ ಮಾತ್ರ ಯಾವ ನಾಡಿಗೂ ಸೇರದೆ ಉಳಿಯಿತು.

ನಾನು ಯಾರೆಂದು ಹೇಳುತ್ತೇನೆ. ಶಿರಹಟ್ಟಿಯ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಚಾಪೆ ಹಾಸಿ, ಓದುಬರಹ ಇಲ್ಲದವರಿಗೆ ಅರ್ಜಿ ಬರೆದುಕೊಡುವವನು. ಸಾಂಗ್ಲಿ ಸಂಸ್ಥಾನವಿದ್ದಾಗ ಮರಾಠಿಯಲ್ಲಿ ಬರೆದೆ, ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಇಂಗ್ಲಿಷಿನಲ್ಲಿ ಬರೆದೆ, ಈಗ ಕನ್ನಡದಲ್ಲಿ ಬರೆಯುವ ಭಾಗ್ಯ ಬಂದಿದೆ. ನನ್ನ ಹೆಂಡತಿ ಕರೆವ್ವ. ತವರೂರು ಮುಂಡರಗಿಯ ಕಡೆಗೆ, ಕಪ್ಪತಗುಡ್ಡದ ಬುಡದ ಡೋಣಿ. ಅವಳ ಕಸುಬು ಸೂಲಗಿತ್ತಿಯದು. ಅವಳಿಗೆ ಅಕ್ಷರ ಬರುವುದಿಲ್ಲ. ದೇಹ ದೊಡ್ಡದು. ಮೊದಲಿನಿಂದಲೂ ದೊಡ್ಡದು, ಮೂರು ಹೆರಿಗೆಗಳಾದ ಮೇಲೆ ಇನ್ನೂ ದೊಡ್ಡದಾಯಿತು.

ಆ ದೇಹದ ಬಗ್ಗೆ ಶಿರಹಟ್ಟಿಯ ಹೆಂಗಸರು ಏನೆನ್ನುತ್ತಿದ್ದರೆಂಬುದು ನನಗೆ ಗೊತ್ತಾದದ್ದು ತಡವಾಗಿ. ಬೇನೆ ತಿನ್ನುವ ಹೆಂಗಸನ್ನು ಕರೆವ್ವ ತನ್ನ ಎದೆ ಹೊಟ್ಟೆಗೆ ಒರಗಿಸಿ ಕೂರಿಸಿಕೊಳ್ಳುತ್ತಿದ್ದಳಂತೆ. "ಆಕಿ ಹಿಂದ ಕುಂತ್ರ ಗ್ವಾಡಿಗಿ ಆತುಕೊಂಡಂಗ, ಆದ್ರ ಮೆತ್ತನ್ನ ಗ್ವಾಡಿ," ಎಂದು ನಮ್ಮ ಓಣಿಯ ಗುಲಾಬಬಿ ಹೇಳಿದಳು. ಇನ್ನೊಂದು ಮಾತನ್ನೂ ಹೇಳಿದಳು. ಕರೆವ್ವ ಒಂದು ಸಲವೂ ಹೇಳದೆ ಕೇಳದೆ ಯಾರ ಮೈ ಮುಟ್ಟಿದವಳಲ್ಲ. "ಯವ್ವಾ, ಈಗ ಕೈ ಹಾಕತೀನಿ, ನೋಯತೈತಿ, ಹಾಕ್ಲ್ಯಾ?" ಎಂದು ಕೇಳುತ್ತಿದ್ದಳು. ಹೂಂ ಎನ್ನುವವರೆಗೆ ಕಾಯುತ್ತಿದ್ದಳು. ಈ ಪಾಠವನ್ನು ಅವಳಿಗೆ ಯಾವ ವೈದ್ಯಕೀಯ ಕಾಲೇಜೂ ಕಲಿಸಿರಲಿಲ್ಲ.

ನನಗೋ ಆ ದೇಹ ನಾಚಿಕೆಯಾಗಿತ್ತು. ಅದನ್ನೂ ಇಲ್ಲಿ ಬರೆಯಬೇಕು. ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದಾಗ, ವಿಲೀನದ ಚಳವಳಿಯಲ್ಲಿ ಓಡಾಡಿದ ನಮ್ಮನ್ನೆಲ್ಲ ಮನೆಯವರ ಸಮೇತ ನಿಲ್ಲಿಸಿ ಒಂದು ಫೋಟೋ ತೆಗೆದರು. ಕರೆವ್ವ ಇಳಕಲ್ಲ ಸೀರೆ ಉಟ್ಟು ಬಂದಿದ್ದಳು. "ನೀ ಹಿಂದ ನಿಂದ್ರು, ಮುಂದಿನವ್ರು ಕಾಣೂದಿಲ್ಲ," ಎಂದೆ. ಹಿಂದಿನ ಸಾಲಿಗೆ ಹೋದಳು. ಆ ಫೋಟೋದಲ್ಲಿ ಅವಳ ಮೊಣಕೈ ಮಾತ್ರ ಕಾಣುತ್ತದೆ. ಮುಂದೆ ಒಂದು ದಿನ ಅವಳು ಬುತ್ತಿ ಹಿಡಿದು ಕಚೇರಿಗೆ ಬಂದಾಗ ಒಬ್ಬ ಗುಮಾಸ್ತ ಕಿಟಕಿಯಿಂದ ಕೂಗಿದ: "ಹೊಳೆಯಪ್ಪಾ, ದಾರಿ ಬಿಡೋ, ನಿನ್ನ ಹೇರಿದ ಗಾಡಿ ಬಂತು!" ಎಲ್ಲರೂ ನಕ್ಕರು. ಅಂದು ಸಂಜೆ ನಾನು ಗುಮಾಸ್ತನೊಡನೆ ಜಗಳವಾಡಲಿಲ್ಲ. ನಾಳೆಯಿಂದ ಬುತ್ತಿ ತರಬೇಡ ಎಂದು ಹೆಂಡತಿಗೆ ಹೇಳಿದೆ.

ಎರಡು ವರ್ಷದ ಹಿಂದೆ ಅವಳ ಹೊಕ್ಕುಳಿನ ಮೇಲೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಕೆಮ್ಮಿದರೆ ಉಬ್ಬುವುದು, ಮಲಗಿದರೆ ಇಳಿಯುವುದು. ಅಂಥ ನೋವೇನೂ ಇರಲಿಲ್ಲ. ನಾನೇ ಒತ್ತಾಯ ಮಾಡಿ, ಗದಗಿನಿಂದ ರೈಲು ಹತ್ತಿಸಿ, ಆ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರು ಪರೀಕ್ಷಿಸಿ ನನ್ನೊಬ್ಬನನ್ನೇ ಪಕ್ಕದ ಕೋಣೆಗೆ ಕರೆದರು. ಹೊಟ್ಟೆಯವಳನ್ನು ಆಚೆ ಬೆಂಚಿನ ಮೇಲೆ ಕೂರಿಸಿ ಹೊಟ್ಟೆಯ ವಿಚಾರವನ್ನು ನಾವು ಇಬ್ಬರು ಗಂಡಸರು ಮಾತಾಡಿದೆವು.

ಒಳಗಿನ ಪೊರೆ ಸಡಿಲಾಗಿ ಕರುಳು ತಲೆ ಹಾಕುತ್ತಿದೆ, ಬಿಗಿಯಾದ ಪಟ್ಟಿ ಕಟ್ಟಿಕೊಂಡರೂ ಸದ್ಯಕ್ಕೆ ನಡೆಯುತ್ತದೆ, ಕೊಯ್ದು ಹೊಲಿದರೂ ಆಗುತ್ತದೆ ಎಂದರು. ಆಮೇಲೆ, "ಹೇಗೂ ಹೊಟ್ಟೆ ತೆರೆಯುತ್ತೇವಲ್ಲ, ಜೋತಿರುವ ಕೊಬ್ಬನ್ನೆಲ್ಲ ತೆಗೆದುಬಿಡಬಹುದು," ಎಂದರು.

"ತೂಕ ಇಳೀತದೇನ್ರಿ, ಸಾಹೇಬ್ರ?" ಎಂದು ಕೇಳಿದೆ.

"ಇಬ್ಬರು ಹೆಂಗಸರನ್ನು ಕರಕೊಂಡು ಬಂದಿದ್ದೀರಿ. ಒಬ್ಬರನ್ನು ಇಲ್ಲೇ ಇಟ್ಟುಕೊಂಡು ಒಬ್ಬರನ್ನು ಕಳಿಸುತ್ತೇವೆ."

ನಾನು ನಕ್ಕೆ, ಮಾನ್ಯರೇ. ಗೋಡೆಯ ಆಚೆ ಅವಳು ಕೂತಿದ್ದಳು. ನಾನು ನಕ್ಕೆ.

ಒಂದು ಅಚ್ಚಾದ ಕಾಗದವನ್ನು ನನ್ನ ಮುಂದಿಟ್ಟರು. ಇಂಗ್ಲಿಷಿನಲ್ಲಿತ್ತು. ಓದು ಬಾರದವನಾಗಿದ್ದರೆ ಇಂದು ನನಗೊಂದು ನೆಪವಾದರೂ ಇರುತ್ತಿತ್ತು. ನಾನು ಪೂರ್ತಿ ಓದಿದೆ. ವೈದ್ಯರಿಗೆ ಸೂಕ್ತವೆಂದು ತೋರಿದ ಯಾವುದೇ ಹೆಚ್ಚಿನ ಶಸ್ತ್ರಕ್ರಿಯೆಗೆ ಒಪ್ಪಿಗೆಯಿದೆ, ಅಪಾಯಗಳನ್ನು ವಿವರಿಸಲಾಗಿದೆ, ಪ್ರಾಣಹಾನಿಯಾದರೆ ಆಸ್ಪತ್ರೆ ಹೊಣೆಯಲ್ಲ ಎಂದಿತ್ತು. ವಿವರಿಸಲಾಗಿದೆಯೇ? ಯಾರು, ಯಾರಿಗೆ ವಿವರಿಸಿದರು? ಕೆಳಗೆ 'ರೋಗಿ ಅಥವಾ ಗಂಡ' ಎಂದು ಬರೆದು ಗೆರೆ ಎಳೆದಿದ್ದರು. ಆ ಅಥವಾ ಎಂಬ ಸಣ್ಣ ಪದವನ್ನು ಆ ಕಾಗದದೊಳಗೆ ಸೇರಿಸಿದವರು ಯಾರೆಂದು ನಿಮ್ಮ ಇಲಾಖೆಯಲ್ಲಿ ವಿಚಾರಿಸುವಿರಾ? ನಾನು ಆ ಪದದೊಳಗೆ ನುಸುಳಿ ಸಹಿ ಹಾಕಿದೆ.

ಹೊರಗೆ ಬಂದಾಗ ಕರೆವ್ವ ಕೇಳಿದಳು: "ಅದೇನ್ರಿ ಕಾಗದ? ಏನು ಬರದೈತಿ ಅದ್ರಾಗ?"

"ಏನಿಲ್ಲ. ಹಾಸಿಗಿ ಪಟ್ಟಿ. ಹೆಸರು, ಊರು ಬರಕೊಂಡಾರ. ಗಂಟಿಗೆ ಎರಡು ಹೊಲಿಗಿ ಹಾಕತಾರಂತ, ಅಷ್ಟ."

ಶಸ್ತ್ರಕ್ರಿಯೆಯಾದ ಏಳನೆಯ ದಿನ ಗಾಯ ಬಿಚ್ಚಿಕೊಂಡಿತು. ಅಂಚುಗಳು ಕಪ್ಪಾದವು, ಕೀವು ತುಂಬಿತು. ಪಕ್ಕದ ಮಂಚದವರು ಮೂಗು ಮುಚ್ಚಿಕೊಂಡು ಆಚೆ ತಿರುಗಿ ಮಲಗತೊಡಗಿದರು. ದಿನಕ್ಕೆ ಹಲವು ಸಲ ಪೆನಿಸಿಲಿನ್ ಸೂಜಿ ಚುಚ್ಚಿದರು. ಏಳು ವಾರ ಅಲ್ಲಿದ್ದೆವು. ಗಾಯದ ಬಟ್ಟೆ ಬದಲಿಸುವಾಗ ನೆರವಾಗುತ್ತಿದ್ದ ಆಯಾ ಖೈರುನಬಿ ಎಂಬವಳು ನಮ್ಮ ಬೆಟಗೇರಿಯ ಕಡೆಯವಳು. ನೋಡಿದರೆ ಹೆದರುತ್ತೀಯೆಂದು ಅವಳು ಕರೆವ್ವನ ಮುಖದ ಮೇಲೆ ಸೆರಗು ಹಾಕುತ್ತಿದ್ದಳು. ನಾಲ್ಕನೆಯ ವಾರ ಕರೆವ್ವ ಸೆರಗು ಸರಿಸಿ ತಲೆ ಎತ್ತಿ ನೋಡಿಕೊಂಡಳು. ಬಹಳ ಹೊತ್ತು ನೋಡಿದಳು.

"ಖೈರುನಬೀ, ನನ್ನ ಹೊಕ್ಕುಳಾ ಎಲ್ಲೈತಿ?"

ಆಯಾ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಕೊನೆಗೆ ಖೈರುನಬಿಯೇ ಹೇಳಬೇಕಾಯಿತು: "ಕೊಬ್ಬಿನ ಸಂಗಾಟ ಅದನ್ನೂ ತಗದಾರವ್ವ. ನಿನಗ ಹೇಳಿರ್ಲಿಲ್ಲೇನು?"

"ಯಾರೂ ಹೇಳ್ಲಿಲ್ಲ," ಎಂದಳು ಕರೆವ್ವ. "ನನ್ನ ಹಡದಕಿ ನನ್ನ ಹಡದ ಕೂಡ್ಲೆ ಸತ್ತಳು. ಆಕಿ ಮುಖಾ ನಾ ನೋಡಿಲ್ಲ. ಆಕಿ ನನ್ನ ಮೈಮ್ಯಾಲೆ ಬಿಟ್ಟು ಹೋದ ಗುರ್ತು ಅದೊಂದ ಇತ್ತು." ಆಮೇಲೆ ಯಾರಿಗೋ ಲೆಕ್ಕ ಒಪ್ಪಿಸುವವಳಂತೆ ಅಂದಳು: "ನಾ ಎಷ್ಟು ಕೂಸಿನ ಹೊಕ್ಕುಳಾ ಕಟ್ಟೀನಿ. ಒಂದನ್ನೂ ಕೆಡಿಸಿಲ್ಲ."

ಹೊಕ್ಕುಳು ಹೋಗುತ್ತದೆಂದು ನನಗೂ ತಿಳಿದಿರಲಿಲ್ಲ, ಮಾನ್ಯರೇ. ಆದರೆ ತಿಳಿದಿರಲಿಲ್ಲ ಎನ್ನುವ ಹಕ್ಕು ನನಗಿದೆಯೇ? ನಾನು ಕೇಳಿದ್ದು ಒಂದೇ ಪ್ರಶ್ನೆ, ತೂಕ ಇಳಿಯುತ್ತದೆಯೇ ಎಂದು.

ಬಿಡುಗಡೆಯ ದಿನ ನಾನು ಧೈರ್ಯ ಮಾಡಿ, ಇದೆಲ್ಲ ಹೀಗೇಕಾಯಿತು ಎಂದು ವೈದ್ಯರನ್ನು ಕೇಳಿದೆ. ಅವರು ಕಾಗದ ತೆಗೆದು ನನ್ನ ಮುಂದೆ ಹಿಡಿದು, "ಇದು ನಿಮ್ಮದೇ ಸಹಿ ಅಲ್ಲವೇ? ಎಲ್ಲ ಓದಿಯೇ ಹಾಕಿದ್ದೀರಿ," ಎಂದರು. ಕರೆವ್ವ ಪಕ್ಕದಲ್ಲೇ ಗೋಡೆ ಹಿಡಿದು ನಿಂತಿದ್ದಳು. ಗದಗ ನಿಲ್ದಾಣದಲ್ಲಿ ಇಳಿದು, ಶಿರಹಟ್ಟಿಯ ಬಸ್ಸಿಗೆ ಕಾಯುವಾಗ ಕೇಳಿದಳು.

"ಅದು ಹಾಸಿಗಿ ಪಟ್ಟಿ ಅಲ್ಲೇನು?"

"ಅಲ್ಲ."

"ಕೊಬ್ಬು ತಗೀತಾರಂತ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

ಸುಳ್ಳು ಹೇಳಲು ಅಂದು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. "ಹೇಳಿದ್ರ ನೀ ಬ್ಯಾಡ ಅಂತಿದ್ದಿ," ಎಂದೆ.

"ಅಂದ್ರ, ನನಗೂ ಬ್ಯಾಡ ಅನ್ನಾಕ ಬರತೈತಿ ಅನ್ನೂದು ನಿಮಗ ಖರೇವಂದ್ರ ಗೊತ್ತಿತ್ತು," ಎಂದಳು. ಬಸ್ಸು ಬಂತು. ನಾನು ಹತ್ತಿಸಲು ಕೈ ಚಾಚಿದರೆ ಬೇಡವೆಂದು ಕಂಬಿ ಹಿಡಿದು ತಾನೇ ಹತ್ತಿದಳು.

ಇಂದು ಅವಳ ಸ್ಥಿತಿ ಏನೆಂದು ವರದಿ ಕೊಡುತ್ತೇನೆ. ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ 'ಗುಣಮುಖ' ಎಂದು ಬರೆದಿರುವುದರಿಂದ ನಿಮಗೆ ತಿಳಿದಿರಲಿಕ್ಕಿಲ್ಲ. ಹೊಟ್ಟೆಯ ಅಡ್ಡಕ್ಕೆ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಹಗ್ಗದಂಥ ಗಾಯದ ಗುರುತು. ಕುಕ್ಕರಗಾಲಿನಲ್ಲಿ ಕೂರಲಾಗದು. ತುಂಬಿದ ಕೊಡ ಎತ್ತಲಾಗದು. ಈ ಶ್ರಾವಣದಲ್ಲಿ ಗುಲಾಬಬಿ ಓಡಿ ಬಂದು, "ಕರೆವ್ವಾ, ನನ್ನ ಮಗಳಿಗೆ ಬ್ಯಾನಿ ಹತ್ತ್ಯಾವ, ನಿನ್ನ ಬಿಟ್ರ ಯಾರನ್ನೂ ಒಲ್ಲೆ ಅಂತಾಳ," ಎಂದು ಕರೆದಳು. ಬೇಡವೆಂದರೂ ಕೇಳದೆ ಹೋದಳು. ಆ ಹುಡುಗಿಯನ್ನು ಎದೆಗೆ ಒರಗಿಸಿಕೊಂಡು ಕೂರುವಷ್ಟರಲ್ಲಿ ಒಳಗೆ ಏನೋ ಹರಿದಂತಾಗಿ ಕಿರುಚಿದಳಂತೆ. ಕೂಸು ಇನ್ನೊಬ್ಬ ಸೂಲಗಿತ್ತಿಯ ಕೈಯಲ್ಲಿ ಕ್ಷೇಮವಾಗಿ ಹುಟ್ಟಿತು. ನನ್ನ ಹೆಂಡತಿಯನ್ನು ಗಾಡಿಯಲ್ಲಿ ಮಲಗಿಸಿ ತಂದರು. ಗಂಟು ಮತ್ತೆ ಎದ್ದಿದೆ, ಮೊದಲಿಗಿಂತ ದೊಡ್ಡದಾಗಿ. ಅಂದಿನಿಂದ ಅವಳನ್ನು ಕರೆಯಲು ಯಾರೂ ಬರುವುದಿಲ್ಲ. ಮರುಕದಿಂದ ಬರುವುದಿಲ್ಲ ಎಂಬುದು ಅವಳಿಗೆ ಹೆಚ್ಚು ನೋವು. ಇನ್ನು ತೂಕವೇ? ಲಕ್ಷ್ಮೇಶ್ವರದ ಅರಳೆ ವ್ಯಾಪಾರಿಯ ತಕ್ಕಡಿಯಲ್ಲಿ ನಿಂತು ನೋಡಿಕೊಂಡಳು. ಹೋದದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ತಿರುಗಿ ಬಂದಿದೆ.

ತಪ್ಪು ಗಂಡನದು, ಇಲಾಖೆಯದಲ್ಲ ಎಂದು ನೀವು ಬರೆಯಲಿರುವ ಉತ್ತರ ನನಗೆ ಈಗಲೇ ಕಾಣುತ್ತಿದೆ. ನನ್ನ ತಪ್ಪನ್ನು ಒಪ್ಪಿಕೊಂಡಾಗಿದೆ, ಅದಕ್ಕೆ ನಿಮ್ಮ ಮುದ್ರೆ ಬೇಡ. ಆದರೆ ನನ್ನಂಥ ಗಂಡನ ಕೈಗೆ ಲೇಖನಿ ಕೊಟ್ಟವರು ಯಾರು? ನಮ್ಮ ಶಿರಹಟ್ಟಿಯಲ್ಲಿ ಒಬ್ಬ ಹೆಂಗಸು ತನ್ನ ಎರಡು ಗುಂಟೆ ಜಮೀನು ಮಾರಬೇಕಾದರೆ, ಸಬ್ ರಿಜಿಸ್ಟ್ರಾರರು ಗಂಡನನ್ನು ಹೊರಗೆ ಕಳಿಸಿ, ಪರದೆಯ ಹಿಂದೆ ಕೂತವಳನ್ನು ಅವಳ ಮಾತಿನಲ್ಲೇ ಕೇಳುತ್ತಾರೆ: ಇದರಲ್ಲಿ ಏನಿದೆ ಗೊತ್ತೇ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ, ಮನಸ್ಸಿನಿಂದ ಕೊಡುತ್ತೀಯಾ? ಎರಡು ಗುಂಟೆ ಕರಿಮಣ್ಣಿಗೆ ಇರುವ ಈ ಮರ್ಯಾದೆ ನನ್ನ ಹೆಂಡತಿಯ ಹೊಟ್ಟೆಗೆ ಯಾಕಿಲ್ಲ? ಅವಳು ಅಲ್ಲೇ ಇದ್ದಳು, ಹತ್ತು ಮಾರು ದೂರದ ಬೆಂಚಿನ ಮೇಲೆ. ಅವಳಿಗೆ ಕಿವಿ ಇತ್ತು, ಬಾಯಿ ಇತ್ತು, ನಮ್ಮಿಬ್ಬರಿಗಿಂತ ಹೆಚ್ಚಿನ ತಿಳುವಳಿಕೆಯೂ ಇತ್ತು. ಕರೆದು ಕೇಳಲು ನಿಮ್ಮ ವೈದ್ಯರಿಗೆ ಎಷ್ಟು ಹೊತ್ತು ಬೇಕಿತ್ತು?

ಈ ಪತ್ರವನ್ನು ಅಚ್ಚಿಗೆ ಕಳಿಸುವ ಮೊದಲು ಅವಳಿಗೆ ಓದಿ ಹೇಳಿದೆ. ಅವಳ ಹೆಸರನ್ನು ನಾನು ಬಿಟ್ಟಿದ್ದೆ. "ನನ್ನ ಹೆಸರು ಎಲ್ಲ್ಯೂ ಬರಲಿಲ್ಲಲ್ಲ?" ಎಂದಳು. ಊರವರು ಆಡಿಕೊಳ್ಳುತ್ತಾರೆ ಎಂದೆ. "ಆಡಿಕೊಂಡ್ರ ನಿಮಗ ನಾಚಿಕಿ. ನನಗೇನೂ ಇಲ್ಲ. ಬರೀರಿ." ಬರೆದೆ. ನನ್ನನ್ನು ಕ್ಷಮಿಸಿದ್ದೀಯಾ ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ. ಇಲ್ಲ ಎಂದು ಹೇಳಲು ಅವಳಿಗೆ ಬರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇದು. ಆ ಒಪ್ಪಿಗೆಯ ಕಾಗದ ಕನ್ನಡದಲ್ಲಿರಲಿ. ಇಲ್ಲದಿದ್ದರೆ ಈ ಏಕೀಕರಣ ಯಾರಿಗಾಗಿ? ಏನನ್ನು ಕೊಯ್ಯುತ್ತೀರಿ, ಏನನ್ನು ತೆಗೆಯುತ್ತೀರಿ, ಕೆಟ್ಟರೆ ಏನಾಗುತ್ತದೆ, ಕೊಯ್ಯದೆ ಬೇರೆ ದಾರಿ ಇದೆಯೇ ಎಂಬುದನ್ನು ಕೊಯ್ಯಿಸಿಕೊಳ್ಳುವವರ ಎದುರಿಗೇ, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿರಿ. ಕೇಳಿ ಒಪ್ಪಬಲ್ಲ ಸ್ಥಿತಿಯಲ್ಲಿ ಅವರಿರುವಾಗ ಗಂಡನ ಸಹಿಯನ್ನು ಸಹಿಯೆಂದು ಎಣಿಸಬೇಡಿರಿ. 'ಅಥವಾ' ಎಂಬುದನ್ನು ಹೊಡೆದುಹಾಕಿರಿ. ಕರೆವ್ವನದೊಂದು ಬೇಡಿಕೆಯಿದೆ, ಅದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ಕೇಳಿದ ಮ್ಯಾಲೆ ಸುಮ್ಮನ ಕುಂಡ್ರಿ ಅಂತ ಹೇಳ್ರಿ ಆ ಡಾಕ್ಟರಗ. ಹೆಂಗಸು ಯೋಚನಿ ಮಾಡೂತನಕ ಕಾಯಾಕ ಕಲೀಲಿ. ಆಕಿ ಒಲ್ಲೆ ಅಂದ್ರ, ಸೀರಿ ಸರಿಮಾಡಿಕೊಂಡು ಎದ್ದು ಮನಿಗಿ ಹೋಗಾಕ ಬಿಡ್ರಿ."

ಇಂತಿ,
ಹೆಂಡತಿಯ ದೇಹಕ್ಕೆ ನಾಚಿ, ಈಗ ತನ್ನ ಕೈಬರಹಕ್ಕೇ ನಾಚುತ್ತಿರುವ
ಹೊಳೆಯಪ್ಪ
ಕರೆವ್ವನ ಗಂಡ, ಅವಳು ಇನ್ನೂ ಹಾಗೆಂದು ಒಪ್ಪುವುದಾದರೆ
ಶಿರಹಟ್ಟಿ, ಡಿಸೆಂಬರ್ ೧೯೫೬