ಚಿಂದಿರಾಣಿ ತೋರಿಸದ ಕೋಟೆ

ಅಂಗಡಿಯಿಂದ,
ಮಾರ್ಚ್ ೧೦, ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿಂದಿರಾಣಿಗೆ, ಅಪ್ಪ ಬರೆಯುವುದು.

ಹೇಗಿದ್ದೀಯಮ್ಮ? ಗಂಟಲು ಹೇಗಿದೆ? ದಿನವಿಡೀ ಸಮುದ್ರದ ಗಾಳಿಗೆ ಎದುರಾಗಿ ನಿಂತು ಮಾತಾಡುವವಳು ನೀನು, ಬಿಸಿನೀರು ಕುಡಿ, ಕುತ್ತಿಗೆಗೆ ಏನಾದರೂ ಸುತ್ತಿಕೋ. ನಾನು ಚೆನ್ನಾಗಿದ್ದೇನೆ, ಎಡ ಮಂಡಿಯೊಂದನ್ನು ಬಿಟ್ಟು. ಅದರ ಸಮಾಚಾರವೆಲ್ಲ ನಿನಗೆ ಆಗಾಗ ತಲುಪುತ್ತಿದೆ ಎಂದು ಮೊನ್ನೆ ತಿಳಿಯಿತು. ನಿನ್ನಮ್ಮನೂ ಆರಾಮಾಗಿದ್ದಾಳೆ. ಹಿಂದಿನ ಕೋಣೆಯಲ್ಲಿ ಫೋನು ಹಿಡಿದು ಪಿಸುಗುಟ್ಟುತ್ತಾಳೆ, ನಾನು ಕೇಳಿಸದವನ ಹಾಗೆ ಹೊಲಿಗೆ ಮಷೀನು ಜೋರಾಗಿ ತುಳಿಯುತ್ತೇನೆ. ತುಳಿಯುವುದು ನಿಲ್ಲಿಸಿದರೆ "ರಾಂಗ್ ನಂಬರ್" ಎಂದು ಇಟ್ಟುಬಿಡುತ್ತಾಳೆ. ಊಟ ಮಾಡಿದೆಯಾ, ನಿದ್ದೆ ಮಾಡಿದೆಯಾ ಎಂದೆಲ್ಲ ವಿಚಾರಿಸಿಕೊಳ್ಳುವಂಥ ರಾಂಗ್ ನಂಬರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಸುತ್ತಿ ಬಳಸಿ ಹೇಳುವುದು ಬೇಡ. ಗುರುವಾರ ನಿಮ್ಮ ಕಂಪನಿಯ ಕಾರಿನಲ್ಲಿ ಒಬ್ಬನೇ ಕುಳಿತು ಹಳೆಯ ಕೋಟೆಗಳನ್ನೂ ಸಮುದ್ರತೀರವನ್ನೂ ನೋಡಿ ಬಂದ ಆ ಗಿರಾಕಿ ನಾನೇ. ನಿನ್ನ ಸೋದರಮಾವನ ಹೆಸರಿನಲ್ಲಿ ಬುಕ್ ಮಾಡಿ, ಗೈಡ್ ಆಗಿ ನೀನೇ ಬೇಕೆಂದು ಕೇಳಿದ್ದೆ. ಬೆಳಿಗ್ಗೆ ನೀನು ಕಾರಿನ ಬಾಗಿಲು ತೆಗೆಯುತ್ತೀಯ, ನಾನು ಏನೂ ಆಗದವನ ಹಾಗೆ ಒಳಗೆ ಕೂರುತ್ತೇನೆ, ಓಡುವ ಕಾರಿನಿಂದ ಸಿಟ್ಟು ಮಾಡಿಕೊಂಡು ಇಳಿದು ಹೋಗಲು ಇಬ್ಬರಿಗೂ ಆಗುವುದಿಲ್ಲ, ಸಂಜೆಯೊಳಗೆ ಹೇಗೋ ಮಾತು ಹತ್ತಿಕೊಳ್ಳುತ್ತದೆ ಎಂದು ನನ್ನ ಲೆಕ್ಕಾಚಾರ. ನಿನ್ನಮ್ಮನನ್ನೂ ಕರೆದೆ. "ನಿಮ್ಮಿಬ್ಬರ ಜಗಳಕ್ಕೆ ಸಾಕ್ಷಿ ಹೇಳೋಕೆ ನಾನು ಬರಲ್ಲ. ಹೋಗೋದಾದ್ರೆ ನಿಮ್ಮ ಹೆಸರಲ್ಲೇ ಹೋಗಿ" ಎಂದಳು. ಅವಳ ಮಾತು ಕೇಳುವ ಬುದ್ಧಿ ಇದ್ದಿದ್ದರೆ ನಾನು ಎಂದೋ ಉದ್ಧಾರವಾಗುತ್ತಿದ್ದೆ. ಹೆಸರು ಮಾವನದು ಕೊಟ್ಟು ಫೋನ್ ನಂಬರು ಮಾತ್ರ ಅಂಗಡಿಯದೇ ಕೊಟ್ಟಿದ್ದೆ ನೋಡು! ನಾನು ಚಾಪೆ ಕೆಳಗೆ ತೂರಿದರೆ ನೀನು ರಂಗೋಲಿ ಕೆಳಗೆ ತೂರುವವಳು, ಸಿಕ್ಕಿಬೀಳದೆ ಇರುತ್ತೇನೆಯೇ?

ಬಾಗಿಲು ತೆಗೆದವಳು ಉದ್ದ ಜಡೆಯ ಬೇರೊಬ್ಬ ಹುಡುಗಿ. ನಿನಗೆ ಹುಷಾರಿಲ್ಲವೇನೋ ಎಂದುಕೊಂಡೆ, ಆದರೆ ಯಾರೆಂದು ಹೇಳಿಕೊಂಡು ವಿಚಾರಿಸಲಿ, ನಾನು ಮಾವನ ವೇಷದಲ್ಲಿದ್ದೆನಲ್ಲ. ಮೊದಲನೆಯ ಕೋಟೆ ಗುಡ್ಡದ ಮೇಲಿನದು, ಕಂದಕ ದಾಟಿ ಬುರುಜಿಗೆ ಹತ್ತುವ ಮೆಟ್ಟಿಲುಗಳು ಸವೆದು ನುಣ್ಣಗಾಗಿವೆ. ನಾನು ಪ್ಯಾಂಟು ಸರಿಮಾಡಿಕೊಂಡು ಹೊರಟೇಬಿಟ್ಟೆ. ಆ ಹುಡುಗಿ ಡಿಕ್ಕಿಯಿಂದ ಮಡಚುವ ಸ್ಟೂಲು ತೆಗೆದು ನೆರಳಿನಲ್ಲಿ ಹಾಕಿದಳು. ಮೇಲಿನದನ್ನೆಲ್ಲ ಇಲ್ಲಿಂದಲೇ ತೋರಿಸುತ್ತೇನೆ ಎಂದಳು. ನನಗೇನಾಗಿದೆ, ಹತ್ತುತ್ತೇನೆ ಎಂದೆ. "ಹತ್ತುತ್ತೀನಿ ಅಂತಾರೆ, ಬಿಡಬೇಡ, ಎಡ ಮಂಡಿ ಅಂತ ನಮ್ಮ ಅಕ್ಕ ಹೇಳಿದ್ದಾರೆ ಅಂಕಲ್" ಎಂದಳು. ಹೇಳಿ ನಾಲಿಗೆ ಕಚ್ಚಿಕೊಂಡಳು.

ಆಮೇಲೆ ಅವಳನ್ನು ಬಿಡಲಿಲ್ಲ. ಪಾಪ, ಸುಳ್ಳು ಹೇಳಲು ಬರದ ಹುಡುಗಿ. ಆ ದಿನದ ಕೆಲಸವನ್ನು ನೀನೇ ಅವಳಿಗೆ ಬಿಟ್ಟುಕೊಟ್ಟು, ಅವಳ ಪಾಲಿನ ಪ್ರವಾಸಿಗರ ಗುಂಪನ್ನು ನೀನು ಕರೆದುಕೊಂಡು ಹೋದೆಯಂತೆ. ಸ್ಟೂಲನ್ನು ಡಿಕ್ಕಿಯಲ್ಲಿ ಇಟ್ಟವಳೂ ನೀನೇ ಅಂತೆ, ಕಾಫಿಗೆ ಸಕ್ಕರೆ ಬೇಡವೆಂದು ಹೇಳಿ ಕಳಿಸಿದವಳೂ ನೀನೇ ಅಂತೆ. ನೀನು ಬರಲಿಲ್ಲವಲ್ಲ ಎಂದು ಬೇಸರವಾಯಿತು, ಸ್ಟೂಲು ಕಳಿಸಿದ್ದೀಯಲ್ಲ ಎಂದು ಕಣ್ಣು ತುಂಬಿತು. ಎರಡೂ ಒಟ್ಟಿಗೇ ಆದರೆ ಮನುಷ್ಯ ಏನು ಮಾಡಬೇಕು? ಕೋಟೆಯ ಗೋಡೆ ನೋಡುತ್ತ ಕುಳಿತೆ. ಅವಳು ಯಾವ ದೊರೆ ಯಾವ ಕಾಲದಲ್ಲಿ ಕಟ್ಟಿಸಿದ ಎಂದೆಲ್ಲ ಹೇಳುತ್ತಿದ್ದಳು, ನನ್ನ ತಲೆಗೆ ಒಂದೂ ಹೋಗಲಿಲ್ಲ.

ಕಣ್ಣೆಲ್ಲ ಅವಳ ಕೋಟಿನ ಮೇಲಿತ್ತು. ನೀನು ಕೆಲಸಕ್ಕೆ ಸೇರಿದಾಗ ತೋಳು ಗಿಡ್ಡ ಮಾಡಿಕೊಡೆಂದು ತಂದುಕೊಟ್ಟಿದ್ದೆಯಲ್ಲ, ಅಂಥದೇ ನೀಲಿ ಕೋಟು, ನಿಮ್ಮ ಕಂಪನಿಯ ಸಮವಸ್ತ್ರ. ಅಂಗಡಿಯ ಬೋರ್ಡಿಗೆ 'ಮತ್ತು ಮಗಳು' ಎಂದು ಬರೆಸಿ ಇನ್ನೂ ಬಣ್ಣ ಒಣಗಿರಲಿಲ್ಲ. ಒಂದೇ ಕುರ್ಚಿಯಲ್ಲಿ ಕೂತಿರಲು ನನ್ನಿಂದ ಆಗುವುದಿಲ್ಲ ಎಂದೆ ನೀನು. ಯಾರೋ ಕಟ್ಟಿದ ಕಲ್ಲನ್ನು ಇನ್ಯಾರಿಗೋ ತೋರಿಸುವುದೂ ಒಂದು ಕೆಲಸವೇ ಎಂದೆ ನಾನು. ಕೋಟು ಗೂಟದ ಮೇಲೇ ಉಳಿಯಿತು. ಗಿರಾಕಿಗಳ ಬಟ್ಟೆ ಬಂದವು, ಹೋದವು, ನಿನ್ನದನ್ನು ನಾನು ಮುಟ್ಟಲಿಲ್ಲ. ನೀನೂ ಎರಡನೆಯ ಸಲ ಕೇಳಲಿಲ್ಲ. ಒಂದು ಬೆಳಿಗ್ಗೆ ಗೂಟ ಖಾಲಿಯಾಗಿತ್ತು, ನಿನ್ನ ಕೋಣೆಯೂ. ಅರ್ಧ ಗಂಟೆಯ ಕೆಲಸ ಕಣಮ್ಮ ಅದು. ಇಂದಿಗೂ ನೀನು ತೋಳು ಮಡಚಿಕೊಂಡೇ ಹಾಕುತ್ತೀಯಂತೆ. ಒಬ್ಬ ಟೈಲರನ ಮಗಳು ತೋಳು ಮಡಚಿಕೊಂಡು ಊರೆಲ್ಲ ಓಡಾಡುತ್ತಾಳೆ ಎಂದು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ.

ಮಧ್ಯಾಹ್ನದ ಮೇಲೆ ಸಮುದ್ರದ ಕೋಟೆಗೆ ಹೋದೆವು. ದಾರಿಯುದ್ದಕ್ಕೂ ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು. ಇದನ್ನು ದಿನಾ ನೋಡುವವಳಿಗೆ ಅಂಗಡಿಯ ಗೋಡೆ ಎಷ್ಟು ಹತ್ತಿರ ಕಂಡಿರಬೇಕು ಎಂದು ಆಗ ನನಗೆ ಹೊಳೆಯಿತು. ಹೆಬ್ಬಾಗಿಲ ಮುಂದೆ ಅವಳು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ಇದು ಚರಿತ್ರೆ ಅಲ್ಲ ಅಂಕಲ್, ಕಥೆ. ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಅಕ್ಕ ಹೇಳಿಕೊಟ್ಟಿದ್ದು" ಎಂದು ಶುರುಮಾಡಿದಳು. ಒಬ್ಬ ದೊರೆ. ಅವನ ನಿಲುವಂಗಿಯಲ್ಲಿ ಒಂದು ಗುಂಡಿ ಯಾವಾಗಲೂ ಕಿತ್ತುಹೋಗಿರುತ್ತಿತ್ತು, ಮಗಳು ಬಿಟ್ಟು ಬೇರೆ ಯಾರೂ ಅದನ್ನು ಹೊಲಿಯಕೂಡದು…

ಈ ದೊರೆ ಯಾವ ಕೋಟೆಯವನೂ ಅಲ್ಲವಲ್ಲ, ನನ್ನ ಕಟಿಂಗ್ ಟೇಬಲ್ಲಿನ ಕೆಳಗೆ ಹುಟ್ಟಿದವನು! ನೀನು ಚಿಂದಿ ಬಟ್ಟೆಯ ರಾಶಿಯ ಮೇಲೆ ಮಲಗಿ ಕಥೆ ಕಥೆ ಎಂದು ಪೀಡಿಸುತ್ತಿದ್ದಾಗ, ಗುಂಡಿ ಹೊಲಿಯುತ್ತ ಬಾಯಿಗೆ ಬಂದದ್ದನ್ನು ಕಟ್ಟಿ ಹೇಳಿದ್ದು. ಮಗಳು ದೋಣಿ ಹತ್ತಿ ಹೋಗುತ್ತಾಳೆ, ಹೋದರೆ ಬಾಗಿಲು ಹಾಕುತ್ತೇನೆ ಎನ್ನುತ್ತಾನೆ ದೊರೆ, ಅವಳು ತಿರುಗಿ ಬಂದಾಗ ಬಾಗಿಲು ಹಾಕಿರುತ್ತದೆ. ಎಲ್ಲ ನನ್ನ ಮಾತೇ. ಕೊನೆಯೊಂದು ಮಾತ್ರ ನನ್ನದಲ್ಲ. ಬಾಗಿಲು ತೆರೆಯಲೇ ಇಲ್ಲ, ಮಗಳು ಕಾದು ಕಾದು ಕಲ್ಲಾದಳು ಎಂದು ಹೇಳಿ, ಆ ಹುಡುಗಿ ನೀರಿನಲ್ಲಿ ನಿಂತ ಒಂಟಿ ಬಂಡೆಯನ್ನು ತೋರಿಸಿದಳು. ಇಲ್ಲಿ ಕೆಲವರು ಅಳುತ್ತಾರೆ ಅಂಕಲ್ ಎಂದಳು. ನಾನೂ ಅತ್ತೆ. ಹೀಗಲ್ಲಮ್ಮ ಕಥೆ ಎಂದು ಹೇಳಲು ಬಾಯಿ ತೆರೆದೆ, ಬಿಟ್ಟುಬಿಟ್ಟೆ. ಅದನ್ನು ಅವಳಿಗೆ ಹೇಳಿ ಏನು ಪ್ರಯೋಜನ?

ವಾಪಸು ಬರುವಾಗ ಕತ್ತಲಾಗುತ್ತಿತ್ತು. ಅವಳು ತುಂಬ ಒಳ್ಳೆಯ ಹುಡುಗಿ, ಅವಳನ್ನು ಬೈಯಬೇಡ. ನಿನ್ನ ಕೆಲಸ ಒಂದು ಕೆಲಸವೇ ಎಂದು ಕೇಳಿದ್ದೆನಲ್ಲ, ಕೆಲಸವೇ. ಆ ದೊರೆಯನ್ನು ಅಷ್ಟು ಜನರ ಮುಂದೆ ಇಷ್ಟು ದಿನ ಬದುಕಿಸಿಟ್ಟಿದ್ದೀಯ. ಆ ಕೋಟನ್ನು ಅಂಚೆಯಲ್ಲಿ ಕಳಿಸಿದರೆ ತೋಳು ಸರಿಮಾಡಿ ಅಂಚೆಯಲ್ಲೇ ಕಳಿಸುತ್ತೇನೆ. ಭುಜವೂ ಸರಿಯಿಲ್ಲ, ಅದನ್ನೂ ಬಿಚ್ಚಬೇಕು. ನಿನ್ನಮ್ಮ ತಾನು ಕೇಳಿದೆನೆಂದು ಬರೆಯಿರಿ ಎಂದಳು, ಫೋನಿನಲ್ಲಿ ಹೇಳಿದ್ದು ಸಾಲದೇನೋ. ಸುಖವಾಗಿರು ಮಗಳೇ, ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಕೋಟನ್ನು ಅಂಚೆಗೆ ಹಾಕಬೇಡ. ಹಾಕಿಕೊಂಡು ಬಾ, ಮೈಮೇಲೆ ನೋಡದೆ ತೋಳಿಗೆ ಗುರುತು ಹಾಕಲಾಗುವುದಿಲ್ಲ. ಇನ್ನು ಆ ಕಥೆ. ಬಾಗಿಲಿಗೆ ಅಗುಳಿ ಹಾಕಿರಲೇ ಇಲ್ಲ. ಮಗಳು ಹೋದ ದಿನವೇ ದೊರೆ ಅದನ್ನು ತೆಗೆದಿಟ್ಟಿದ್ದ, ಹೊರಗೆ ಬಂದು ಹೇಳಲು ಅವನಿಗೆ ಬಿಗುಮಾನ, ತಳ್ಳಿ ನೋಡಲು ಅವಳಿಗೆ ಬಿಗುಮಾನ. ಕೊನೆಗೆ ಒಂದು ಆಡು ಬಂದು ತಲೆಯಿಂದ ಗುದ್ದಿತು, ಬಾಗಿಲು ತೆರೆದುಕೊಂಡಿತು. ಅವಳು ಒಳಗೆ ಬಂದವಳೇ ಸೂಜಿ ದಾರ ಎಲ್ಲಿ ಎಂದು ಕೇಳಿದಳು. ಇಷ್ಟೇ ಕಥೆ. ಆಡು ಬರುವ ಹೊತ್ತಿಗೆ ನಿನಗೆ ಪ್ರತಿ ಸಲವೂ ನಿದ್ದೆ ಹತ್ತಿರುತ್ತಿತ್ತು, ನಾನೂ ಎಬ್ಬಿಸುತ್ತಿರಲಿಲ್ಲ. ಎಬ್ಬಿಸಿ ಹೇಳಬೇಕಾಗಿತ್ತು.